ಮೀಟರಿನ ಹನ್ನೆರಡನ್ನು ನಂಬಬೇಡ

ತಮ್ಮ, ವಿಠ್ಠಲವಾಡಿಯಲ್ಲಿ ಸಮುದ್ರವಿಲ್ಲ. ಕಲ್ಯಾಣ ಬಿಟ್ಟು ಕರ್ಜತ್ ಕಡೆಗೆ ಹೊರಳಿದ ಲೋಕಲ್‌ಗೆ ಇದೇ ಮೊದಲ ನಿಲ್ದಾಣ. ಮುಂದಿನದು ಉಲ್ಹಾಸನಗರ, ಬದಿಯಲ್ಲಿ ಹರಿಯುವುದು ವಾಲಧುನಿ. ಇಂಥ ಊರಲ್ಲಿ ಕೂತು ದೋಣಿ ಎಂಜಿನ್ ರಿಪೇರಿ ಕಲಿಯುತ್ತೇನೆ ಎಂದರೆ ನಿನ್ನ ಗೆಳೆಯರು ನಗದೆ ಇರುತ್ತಾರೆಯೇ? ನಗಲಿ ಬಿಡು. 2019ರ ಜುಲೈ 26ರ ರಾತ್ರಿ ಇದೇ ಹಳಿಯ ಮೇಲೆ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಯ ನಡುವೆ ಉಲ್ಹಾಸ ನದಿಯ ನೆರೆಯಲ್ಲಿ ಸಿಕ್ಕಿಹಾಕಿಕೊಂಡಿತು. ಮರುದಿನ ಎನ್‌ಡಿಆರ್‌ಎಫ್ ಮತ್ತು ನೌಕಾಪಡೆಯವರು ದೋಣಿ ತಂದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಗೆ ತೆಗೆದರು. ನೆರೆಗೆ ಬರುವ ರಬ್ಬರ್ ದೋಣಿಗಳ ಬಾಲದಲ್ಲಿ ತೂಗುವುದು ಇದೇ ಔಟ್‌ಬೋರ್ಡ್ ಎಂಜಿನ್. ಸಮುದ್ರ ಇಲ್ಲದ ಊರಿಗೂ ಅದು ಬೇಕಾಗುತ್ತದೆ. ಬೇಕಾದ ದಿನ ಅದು ಮೊದಲ ಸಲಕ್ಕೇ ಶುರುವಾಗಬೇಕು.

ನಾನು ಕೈ ಕಪ್ಪು ಮಾಡಿಕೊಂಡದ್ದು ಗಂಗೊಳ್ಳಿಯ ನಾಡದೋಣಿಗಳ ನಡುವೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹತ್ತು ಎಚ್‌ಪಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಮಾತ್ರ ವಿನಾಯಿತಿ. 9.9 ಎಚ್‌ಪಿ ಎಂಜಿನ್ ನಮ್ಮ ಕರಾವಳಿಯಲ್ಲಿ ಮನೆಮಾತಾದದ್ದಕ್ಕೆ ಅದೂ ಒಂದು ಕಾರಣ. ಆ ಸೀಮೆಎಣ್ಣೆ ಎಂಜಿನ್‌ಗಳ ಎಣ್ಣೆ ದಾರಿಯಲ್ಲಿ ಒಂದು ವಯರೂ ಇರಲಿಲ್ಲ. ಪೆಟ್ರೋಲ್‌ನಲ್ಲಿ ಹಗ್ಗ ಎಳೆದು ಶುರು ಮಾಡು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸು, ದಡ ಸೇರುವ ಮುಂಚೆ ಮತ್ತೆ ಪೆಟ್ರೋಲ್‌ಗೆ ಬಾ, ಅಷ್ಟೇ ಶಾಸ್ತ್ರ. ಕಾರ್ಬುರೇಟರ್ ಕಟ್ಟಿದರೆ ಬಿಚ್ಚಿ ಊದಿದರೆ ಮುಗಿಯಿತು. ಆ ಕಾಲ ಹೋಗುತ್ತಿದೆ. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಎಂಜಿನ್ ಹಾಕಿಸಿಕೊಳ್ಳುವವರಿಗೆ ತಲಾ 50,000 ರೂಪಾಯಿ ಸಹಾಯಧನ ಎಂದು ಕರ್ನಾಟಕ ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತು. ಇಲ್ಲಿ ಠಾಣೆಯ ಹಿನ್ನೀರಾದ ಖಾಡಿಯಲ್ಲಂತೂ ಗಸ್ತು ದೋಣಿ, ಐರೋಳಿಯಿಂದ ಫ್ಲೆಮಿಂಗೊ ನೋಡಲು ಹೊರಡುವ ದೋಣಿ ಎಂದು ನಾಲ್ಕು ಸ್ಟ್ರೋಕಿನ ಎಂಜಿನ್‌ಗಳೇ ನಿನ್ನ ಕೈಗೆ ಬರುತ್ತವೆ. ಅವುಗಳಲ್ಲಿ ಇಂಜೆಕ್ಷನ್ ಇದ್ದರೆ ಎಣ್ಣೆಯನ್ನು ಕೊನೆಗೆ ಸಿಲಿಂಡರಿಗೆ ಮುಟ್ಟಿಸುವುದು ಕರೆಂಟು. ಊದುವುದರಿಂದ ಏನೂ ಆಗುವುದಿಲ್ಲ.

ಮೊದಲು ದಾರಿ ಬಾಯಿಪಾಠ ಮಾಡಿಕೋ. ಟ್ಯಾಂಕು, ಪೈಪು, ಕೈಯಲ್ಲಿ ಒತ್ತುವ ಪ್ರೈಮರ್ ಬಲ್ಬು, ನೀರು ಬೇರ್ಪಡಿಸುವ ಫಿಲ್ಟರ್, ಎಂಜಿನ್ ಮೇಲಿನ ಡಯಾಫ್ರಮ್ ಪಂಪು. ಇಲ್ಲಿಯವರೆಗೆ ಸಾಮಾನ್ಯವಾಗಿ ಕರೆಂಟಿಲ್ಲ. ಆಮೇಲೆ ಬರುವುದು ವೇಪರ್ ಸೆಪರೇಟರ್ ಎಂಬ ಪುಟ್ಟ ತೊಟ್ಟಿ. ಅದರೊಳಗೆ ಮುಳುಗಿ ಕೂತ ಎಲೆಕ್ಟ್ರಿಕ್ ಪಂಪು ಎಣ್ಣೆಯನ್ನು ಎರಡೂವರೆ ಮೂರು ಬಾರ್ ಒತ್ತಡಕ್ಕೆ ಏರಿಸಿ ರೈಲು ಎಂಬ ಕೊಳವೆಗೆ ತಳ್ಳುತ್ತದೆ. ರೈಲಿನಿಂದ ಇಂಜೆಕ್ಟರುಗಳಿಗೆ. ಇಂಜೆಕ್ಟರಿನ ಒಂದು ಕಾಲಿಗೆ ಕೀ ಆನ್ ಇರುವಷ್ಟು ಹೊತ್ತೂ 12 ವೋಲ್ಟ್. ಇನ್ನೊಂದು ಕಾಲನ್ನು ಎಂಜಿನ್‌ನ ಕಂಪ್ಯೂಟರ್, ಅಂದರೆ ಇಸಿಎಂ, ಕ್ಷಣ ಕ್ಷಣಕ್ಕೆ ನೆಗೆಟಿವ್‌ಗೆ ಮುಟ್ಟಿಸಿ ಬಿಡುತ್ತದೆ. ಪಂಪಿಗೂ ಇಂಜೆಕ್ಟರಿಗೂ ಕರೆಂಟು ಬ್ಯಾಟರಿಯಿಂದ ಮೇನ್ ಫ್ಯೂಸ್, ಮೇನ್ ರಿಲೇ ಹಾಯ್ದು ಬರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಂಪಿನ ನೆಗೆಟಿವ್ ಬದಿಯನ್ನೂ ಇಸಿಎಂ ಹಿಡಿದಿರುತ್ತದೆ. ನಿನ್ನ ಮುಂದಿರುವ ಎಂಜಿನ್‌ನಲ್ಲಿ ಹೇಗೆ ಎಂಬುದು ಅದರ ಸರ್ವಿಸ್ ಪುಸ್ತಕದ ವಯರಿಂಗ್ ನಕ್ಷೆಯಲ್ಲಿ ಇರುತ್ತದೆ. ನಕ್ಷೆ ಇಲ್ಲದೆ ಸ್ಪ್ಯಾನರ್ ಎತ್ತಬೇಡ.

ಕೆಲಸಕ್ಕೆ ಕೈಹಾಕುವ ಮುನ್ನ ಮೂಗಿಗೆ ಕೆಲಸ ಕೊಡು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ, ಬ್ಯಾಟರಿ ಪೆಟ್ಟಿಗೆಯ ಸುತ್ತ ಕೂತಿರುತ್ತದೆ. ವಾಸನೆ ಬಂದರೆ ಒಂದು ಸ್ವಿಚ್ಚನ್ನೂ ಮುಟ್ಟದೆ ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡು. ಮೀಟರಿನ ಕಡ್ಡಿ ಸಿಕ್ಕಿಸುವುದು, ಕ್ಲಿಪ್ಪು ಹಾಕುವುದು ಎಲ್ಲ ಬ್ಯಾಟರಿ ಸ್ವಿಚ್ ಆಫ್ ಇರುವಾಗ, ಆಮೇಲೆ ಆನ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವಯರು ಕಿತ್ತು ‘ಚಾರ್ಜಿಂಗ್ ಪರೀಕ್ಷೆ’ ಮಾಡುವವರನ್ನು ನೋಡುತ್ತೀಯ. ಆ ಒಂದು ಕಿಡಿಯಲ್ಲಿ ರೆಕ್ಟಿಫೈಯರೂ ಹೋಗಬಹುದು, ದೋಣಿಯೂ ಹೋಗಬಹುದು. ಎವಿನ್ರೂಡ್ ಇ-ಟೆಕ್‌ನಂಥ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಕೈಗೆ ಬಂದರೆ ಅದರ ಇಂಜೆಕ್ಟರುಗಳ ಲೆಕ್ಕ 12 ವೋಲ್ಟಿನದ್ದಲ್ಲ, 55 ವೋಲ್ಟಿನದ್ದು. ಪುಸ್ತಕ ಓದದೆ ಅದರ ಪ್ಲಗ್ ಮುಟ್ಟಬೇಡ.

ಈಗ ಮೊದಲ ಪ್ರಶ್ನೆ: ಇದು ನಿಜಕ್ಕೂ ಕರೆಂಟಿನ ದೋಷವೇ? ‘ಪಂಪು ಹೋಗಿದೆ ಮಾಮ’ ಎಂದು ಬಂದ ಎಷ್ಟೋ ದೋಣಿಗಳಲ್ಲಿ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದೇ ಇರುವುದಿಲ್ಲ. ಎಂಜಿನ್ ಚೆನ್ನಾಗಿ ಶುರುವಾಗಿ, ಸ್ವಲ್ಪ ದೂರ ಓಡಿ, ಉಸಿರು ಕಟ್ಟಿದ ಹಾಗೆ ಸಾಯುತ್ತದೆ. ಅಂಥ ಹೊತ್ತಲ್ಲಿ ಬಲ್ಬು ಹಿಡಿದು ನೋಡು. ಹೀರಿಕೊಂಡು ಚಪ್ಪಟೆಯಾಗಿದ್ದರೆ ತಡೆ ಬಲ್ಬಿಗಿಂತ ಹಿಂದೆ, ಟ್ಯಾಂಕಿನ ಕಡೆ ಇದೆ. ಎಂಜಿನ್ ಸೊರಗುವಾಗ ಬಲ್ಬು ಒತ್ತಿದರೆ ಚೇತರಿಸಿಕೊಳ್ಳುತ್ತದೆಯೇ? ಹಾಗಿದ್ದರೆ ಕಡಿಮೆ ಒತ್ತಡದ ದಾರಿಯಲ್ಲಿ ಎಣ್ಣೆ ಸಾಲುತ್ತಿಲ್ಲ; ಮೀಟರ್ ಒಳಗಿಡು. ಆಮೇಲೆ ಫಿಲ್ಟರಿನ ಎಣ್ಣೆಯನ್ನು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲುಗಾಡದಂತೆ ಇಡು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅನೇಕ ಔಟ್‌ಬೋರ್ಡ್ ಕಂಪನಿಗಳು ಶೇ. 10ರವರೆಗೆ ಮಾತ್ರ ಒಪ್ಪುತ್ತವೆ. ಎಥನಾಲ್ ನೀರನ್ನು ಕರೆದು ಕೂರಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕ್ ಎಣ್ಣೆಯೊಂದಿಗೆ ನಿಂತ ದೋಣಿಯಲ್ಲಿ ಬಾಟಲಿಯೊಳಗೆ ಗೆರೆ ಎಳೆದ ಹಾಗೆ ಎರಡು ಪದರ ಕಾಣಬಹುದು. ಅದಕ್ಕೆ ಯಾವ ಫ್ಯೂಸ್ ಬದಲಿಸಿದರೂ ಪ್ರಯೋಜನವಿಲ್ಲ.

ಇದೆಲ್ಲ ಸರಿ ಇದ್ದರೆ ಕೀ ತಿರುಗಿಸಿ ಕಿವಿಗೊಡು. ಹೆಚ್ಚಿನ ಎಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡುವ ಮೊದಲೇ ಪಂಪು ಕೆಲವು ಸೆಕೆಂಡು ಗುಂಯ್ ಎಂದು ನಿಲ್ಲುತ್ತದೆ. ಸದ್ದೇ ಇಲ್ಲವೆಂದರೆ ಕರೆಂಟು ಬರುತ್ತಿಲ್ಲ, ಇಲ್ಲವೇ ಪಂಪು ಸತ್ತಿದೆ. ಸದ್ದು ಇದೆ ಎಂದ ಮಾತ್ರಕ್ಕೆ ಒತ್ತಡ ಇದೆ ಎಂದು ತಿಳಿಯಬೇಡ. ರೈಲಿಗೆ ಗೇಜು ಹಾಕಿ ಪುಸ್ತಕದ ಅಂಕಿಯೊಂದಿಗೆ ಹೋಲಿಸು. ಸಣ್ಣ ಎಂಜಿನ್‌ಗಳಲ್ಲಿ ಇನ್ನೊಂದು ವಿಶೇಷ ಇದೆ. ಸುಜುಕಿ ಡಿಎಫ್20ಎ ತರಹದವುಗಳಲ್ಲಿ ಬ್ಯಾಟರಿ ಇಲ್ಲದೆಯೇ ಇಂಜೆಕ್ಷನ್ ನಡೆಯುತ್ತದೆ. ಹಗ್ಗ ಎಳೆದಾಗ ಫ್ಲೈವೀಲಿನ ಕೆಳಗಿನ ಕಾಯಿಲ್ ಕೊಡುವ ಕರೆಂಟೇ ಪಂಪಿಗೂ ಇಸಿಎಂಗೂ ಆಧಾರ. ಅಲ್ಲಿ ನೀನು ಕೀ ಹುಡುಕಬೇಡ. ಹಗ್ಗವನ್ನು ಅಳುಕದೆ, ಜೋರಾಗಿ, ಪೂರ್ತಿ ಎಳೆ.

ಬ್ಯಾಟರಿಯನ್ನು ಹಗುರಾಗಿ ನೋಡಬೇಡ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಸ್ಟಾರ್ಟರ್ ತಿರುಗುತ್ತಿರುವಾಗ 9.6ಕ್ಕಿಂತ ಕೆಳಗಿಳಿದರೆ ಮುಂದಿನ ಪರೀಕ್ಷೆಗಳಿಗೆಲ್ಲ ಅರ್ಥವಿಲ್ಲ. ಸ್ಟಾರ್ಟರ್ ತಿರುಗಿದರೆ ಬ್ಯಾಟರಿ ಸರಿ ಇದೆ ಎಂದುಕೊಳ್ಳುತ್ತಾರೆ ಜನ. ಆದರೆ ಆ ಹೊತ್ತಿಗೆ ಉಳಿದ ವೋಲ್ಟೇಜಿನಲ್ಲಿ ಇಸಿಎಂ ತೂಕಡಿಸಬಹುದು, ಪಂಪು ಒತ್ತಡ ಕಟ್ಟದೆ ಹೋಗಬಹುದು. ಓಡುವ ಎಂಜಿನ್‌ನಲ್ಲಿ 13.5ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿ.

ಫ್ಯೂಸ್ ಸುಟ್ಟಿದ್ದರೆ ಅದನ್ನೇ ರೋಗ ಎನ್ನಬೇಡ. ಯಾವುದೋ ವಯರು ಎಲ್ಲೋ ಕಬ್ಬಿಣಕ್ಕೆ ತಾಗಿದೆ, ಇಲ್ಲವೇ ಪಂಪು ಕಚ್ಚಿಕೊಂಡು ಹೆಚ್ಚು ಎಳೆಯುತ್ತಿದೆ. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಹೊರಟವನ ದೋಣಿಯಲ್ಲಿ ಆಮೇಲೆ ಸುಡುವುದು ಫ್ಯೂಸ್ ಅಲ್ಲ, ವಯರಿನ ಕಟ್ಟು. ರಿಲೇ ಮೇಲೆ ಅನುಮಾನವಿದ್ದರೆ ಪಕ್ಕದಲ್ಲೇ ಇರುವ ಅದೇ ನಂಬರಿನ ಇನ್ನೊಂದರೊಂದಿಗೆ ಅದಲು ಬದಲು ಮಾಡು. ಟಿಕ್ ಎಂದಿತು ಎಂದು ಬಿಟ್ಟುಬಿಡಬೇಡ. ಟಿಕ್ ಎನ್ನುವುದು ಅದರ ಕಾಯಿಲ್, ಸುಟ್ಟಿರುವುದು ಒಳಗಿನ ಕಾಂಟ್ಯಾಕ್ಟ್ ಇರಬಹುದು. ಕಿಲ್ ಸ್ವಿಚ್ಚಿನ ಕೆಂಪು ಹಗ್ಗ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಒಂದು ಕ್ಷಣದ ಕೆಲಸ, ಮರೆಯಬೇಡ. ಪಂಪು ಒಮ್ಮೆ ಗುಂಯ್ ಎಂದು ಆಮೇಲೆ ಸ್ಟಾರ್ಟರ್ ತಿರುಗಿಸುವಾಗ ಸುಮ್ಮನಾದರೆ, ಜೊತೆಗೆ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯೂ ಇಲ್ಲದಿದ್ದರೆ, ಪಂಪಿನ ಹಿಂದೆ ಬೀಳಬೇಡ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಇಸಿಎಂಗೆ ಮುಟ್ಟಿಲ್ಲ. ಕ್ರ್ಯಾಂಕ್ ಸೆನ್ಸರ್ ಮತ್ತು ಅದರ ವಯರು ನೋಡು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಹೊಸ ಹುಡುಗರು ಎಡವುವುದೇ ಇಲ್ಲಿ. ಪಂಪಿನ ಪ್ಲಗ್ ಬಿಚ್ಚುತ್ತಾರೆ, ಮೀಟರ್ ಇಡುತ್ತಾರೆ, 12.5 ಎಂದು ತೋರಿಸುತ್ತದೆ. ‘ಕರೆಂಟು ಬರ್ತಾ ಇದೆ, ಪಂಪೇ ಹೋಗಿದೆ’ ಎಂದು ತೀರ್ಪು ಕೊಡುತ್ತಾರೆ. ಹೊಸ ಪಂಪಿಗೆ ಸಾವಿರಗಟ್ಟಲೆ ಸುರಿದು ಹಾಕಿದ ಮೇಲೂ ಎಂಜಿನ್ ಹಳೆಯ ರಾಗವನ್ನೇ ಹಾಡುತ್ತದೆ. ಯಾರೂ ನಡೆಯದಿರುವಾಗ ಎಲ್ಲ ಕಾಲುಸಂಕವೂ ಗಟ್ಟಿಯೇ. ತಲೆಹೊರೆ ಹೊತ್ತವನು ಹೆಜ್ಜೆ ಇಟ್ಟಾಗ ತಾನೇ ಗೊತ್ತಾಗುವುದು?

ಲೆಕ್ಕ ಹಾಕಿ ನೋಡು. ಪಂಪು 12.5 ವೋಲ್ಟಿಗೆ 5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೋ. ಅಂದರೆ ಅದರ ತಡೆ 2.5 ಓಮ್. ದಾರಿಯಲ್ಲಿ ಹಸಿರು ಹಿಡಿದ ಒಂದು ಕೀಲು ಬರೀ ಅರ್ಧ ಓಮ್ ತಡೆ ಒಡ್ಡಿದರೆ ಒಟ್ಟು 3 ಓಮ್. ಕರೆಂಟು 4.2 ಆಂಪಿಯರಿಗೆ ಇಳಿಯಿತು. ಆ ಕೀಲಿನಲ್ಲೇ 2.1 ವೋಲ್ಟ್ ಕಳೆದು ಪಂಪಿಗೆ ದಕ್ಕುವುದು 10.4. ಕಳೆದ ವೋಲ್ಟು ಆ ಕೀಲಿನಲ್ಲಿ ಸುಮಾರು 9 ವ್ಯಾಟ್ ಶಾಖವಾಗುತ್ತದೆ. ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುವುದು ಅದರಿಂದಲೇ. ಇನ್ನು ನಿನ್ನ ಡಿಜಿಟಲ್ ಮೀಟರ್? ಅದರ ಒಳತಡೆ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಎಳೆಯುವುದು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅಷ್ಟಕ್ಕೆ ಆ ಕೆಟ್ಟ ಕೀಲಿನಲ್ಲಿ ಇಳಿಯುವ ವೋಲ್ಟು ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಹತ್ತೊಂಬತ್ತು ಎಳೆಯ ವಯರಿನಲ್ಲಿ ಹದಿನೆಂಟು ತುಂಡಾಗಿ ಒಂದೇ ಉಳಿದಿದ್ದರೂ ಅದು 12.5 ಎಂದೇ ಹೇಳುತ್ತದೆ. ಮೀಟರ್ ಸುಳ್ಳು ಹೇಳಲಿಲ್ಲ, ನೀನು ಕೇಳಿದ ಪ್ರಶ್ನೆ ತಪ್ಪು.

ಸರಿಯಾಗಿ ಕೇಳುವ ದಾರಿ ಎರಡು. ಮೊದಲನೆಯದು ಹೊರೆ ಹೊರಿಸುವುದು. ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗೆ ಉದ್ದನೆಯ ಎರಡು ವಯರು ಜೋಡಿಸಿ ಇಟ್ಟುಕೋ. ಅದು ಎಳೆಯುವುದು ನಾಲ್ಕೂವರೆ ಆಂಪಿಯರ್, ಹೆಚ್ಚುಕಡಿಮೆ ಪಂಪಿನಷ್ಟೇ. ಪಂಪಿನ ಪ್ಲಗ್ಗಿನ ಪಾಸಿಟಿವ್‌ಗೆ ಒಂದು ತುದಿ, ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು. ಪೂರ್ತಿ ಬೆಳಕು ಬಂದರೆ ಆ ದಾರಿ ನಿಜಕ್ಕೂ ಗಟ್ಟಿ; ಮಂಕಾಗಿ ಕೆಂಪಾದರೆ ಕಳ್ಳ ದಾರಿಯಲ್ಲಿದ್ದಾನೆ. ಎರಡು ಎಚ್ಚರಿಕೆ: ಹ್ಯಾಲೊಜನ್ ಬಲ್ಬಿನ ಗಾಜು ಪೆಟ್ರೋಲ್ ಆವಿಯನ್ನು ಹೊತ್ತಿಸುವಷ್ಟು ಕಾಯುತ್ತದೆ, ಆದ್ದರಿಂದ ಬಲ್ಬು ದೋಣಿಯ ಹೊರಗೆ ಜೆಟ್ಟಿಯ ಕಲ್ಲಿನ ಮೇಲಿರಲಿ. ಇಸಿಎಂ ನಡೆಸುವ ವಯರುಗಳಿಗೆ, ಸೆನ್ಸರಿನ 5 ವೋಲ್ಟಿನ ವಯರುಗಳಿಗೆ ಈ ಬಲ್ಬನ್ನು ಎಂದಿಗೂ ಮುಟ್ಟಿಸಬೇಡ. ಒಳಗಿನ ಟ್ರಾನ್ಸಿಸ್ಟರ್ ಸುಟ್ಟರೆ ಇಸಿಎಂ ಬೆಲೆ ನಿನ್ನ ತಲೆಗೆ. ಇಂಜೆಕ್ಟರಿನ ಮಿಡಿತ ನೋಡಲು ಅದಕ್ಕೆಂದೇ ಸಿಗುವ ನಾಯ್ಡ್ ಲೈಟ್ ಬಳಸು.

ಎರಡನೆಯದು ವೋಲ್ಟೇಜ್ ಡ್ರಾಪ್. ಎಲ್ಲ ಪ್ಲಗ್ಗುಗಳೂ ಹಾಕಿದ ಹಾಗೆಯೇ ಇರಲಿ, ಪಂಪು ಓಡುತ್ತಿರಲಿ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಗೂಟಕ್ಕೆ, ಕಪ್ಪು ಕಡ್ಡಿ ಪಂಪಿನ ಪಾಸಿಟಿವ್ ಪಿನ್ನಿನ ಬೆನ್ನಿಗೆ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟು. ಅರ್ಧ ವೋಲ್ಟಿನೊಳಗೆ ಇದ್ದರೆ ಸರಿ. ಹೆಚ್ಚಿದ್ದರೆ ಕಪ್ಪು ಕಡ್ಡಿಯನ್ನು ಒಂದೊಂದೇ ಮೆಟ್ಟಿಲು ಹಿಂದಕ್ಕೆ ತಾ: ರಿಲೇಯ ಹೊರಬಾಯಿ, ಒಳಬಾಯಿ, ಫ್ಯೂಸಿನ ಆಚೆ, ಈಚೆ, ಬ್ಯಾಟರಿ ಸ್ವಿಚ್. ಎಲ್ಲಿ ಅಂಕಿ ದಬ್ಬೆಂದು ಬೀಳುತ್ತದೋ ದೋಷ ಆ ಎರಡು ಬಿಂದುಗಳ ನಡುವೆ. ಹಾಗೆಯೇ ನೆಗೆಟಿವ್ ಕಡೆ, ಪಂಪಿನ ಕಪ್ಪು ವಯರಿನಿಂದ ಬ್ಯಾಟರಿಯ ನೆಗೆಟಿವ್ ಗೂಟಕ್ಕೆ, ಅಲ್ಲಿ 0.2 ದಾಟಬಾರದು. ಪಂಪಿನ ನೆಗೆಟಿವ್ ಅನ್ನು ಇಸಿಎಂ ಹಿಡಿದಿದ್ದರೆ ಅದರ ಟ್ರಾನ್ಸಿಸ್ಟರಿನ ಪಾಲೂ ಸೇರಿ ಸ್ವಲ್ಪ ಹೆಚ್ಚು ತೋರಿಸೀತು. ಆಗ ಇಸಿಎಂನ ಅರ್ಥ್ ವಯರನ್ನೇ ಅಳೆ. ನೆಗೆಟಿವ್ ಕಡೆಯನ್ನು ಜನ ಮರೆಯುತ್ತಾರೆ. ಕರೆಂಟು ಹೋಗುವ ದಾರಿಯನ್ನು ಹತ್ತು ಸಲ ನೋಡಿ ವಾಪಸು ಬರುವ ದಾರಿಯನ್ನು ಒಮ್ಮೆಯೂ ನೋಡದವರೇ ಜಾಸ್ತಿ.

ಠಾಣೆ ಖಾಡಿಯ ಒಂದು ದೋಣಿ ಹೀಗೇ ಬಂದಿತ್ತು. ದಡದಲ್ಲಿ ಚೆನ್ನಾಗಿ ಶುರುವಾಗುತ್ತದೆ, ನಿಧಾನಕ್ಕೆ ಓಡುತ್ತದೆ, ಥ್ರಾಟಲ್ ಪೂರ್ತಿ ಕೊಟ್ಟರೆ ಕೆಮ್ಮಿ ಕೂರುತ್ತದೆ. ಬೇರೆಡೆ ಆಗಲೇ ಪಂಪು ಬದಲಿಸಿ ಆಗಿತ್ತು. ನಾನು ದೋಣಿಯನ್ನು ಜೆಟ್ಟಿಗೆ ಗಟ್ಟಿಯಾಗಿ ಕಟ್ಟಿಸಿ, ಗೇರಿನಲ್ಲಿ ಹಾಕಿ ಓಡಿಸಿದೆ. ಪಾಸಿಟಿವ್ ಕಡೆ 0.3, ತಕರಾರಿಲ್ಲ. ನೆಗೆಟಿವ್ ಕಡೆ 1.8. ಕಪ್ಪು ವಯರುಗಳೆಲ್ಲ ಒಂದು ಉಂಗುರ ಟರ್ಮಿನಲ್‌ಗೆ ಸೇರಿ ಎಂಜಿನ್ ಬ್ಲಾಕಿಗೆ ಬೋಲ್ಟ್ ಆಗಿದ್ದವು. ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ಉಂಗುರದ ಅಡಿಯಲ್ಲಿ ಯಾರೋ ಬಳಿದ ಬಣ್ಣ, ಅದರ ಮೇಲೆ ಬಿಳಿ ಉಪ್ಪಿನ ಪುಡಿ. ಕೆರೆದು, ಹೊಳಪು ಬರುವವರೆಗೆ ಉಜ್ಜಿ, ಹೊಸ ಉಂಗುರ ಒತ್ತಿ ಕೂರಿಸಿದ ಮೇಲೆ 0.1. ಹಳೆಯ ಪಂಪು ಸರಿಯಾಗಿಯೇ ಇತ್ತು ಎಂದು ಮಾಲೀಕನಿಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಆ ದೋಷ ಹಾಗೆಯೇ ಉಳಿದಿದ್ದರೆ ಏನಾಗುತ್ತಿತ್ತು ಗೊತ್ತೇ? ಪೂರ್ತಿ ವೇಗದಲ್ಲಿ ಎಣ್ಣೆ ಸಾಲದೆ, ಗಾಳಿ ಹೆಚ್ಚಾಗಿ ಉರಿದು, ಪಿಸ್ಟನ್ನಿನ ತಲೆಯೇ ಕರಗುವ ಸಾಧ್ಯತೆ ಇತ್ತು.

ಬಂದು ಹೋಗುವ ದೋಷ ಎಲ್ಲಕ್ಕಿಂತ ಕಾಡುತ್ತದೆ. ಅಲೆ ಬಡಿದಾಗ ನಿಲ್ಲುವ, ನಿನ್ನ ಮುಂದೆ ಬಂದಾಗ ಸಭ್ಯನಂತೆ ಓಡುವ ಎಂಜಿನ್. ಅದನ್ನು ಓಡಲು ಬಿಟ್ಟು, ಬೆಲ್ಟು ಫ್ಲೈವೀಲಿನಿಂದ ಕೈಯನ್ನೂ ತೋಳನ್ನೂ ದೂರ ಇಟ್ಟುಕೊಂಡು, ವಯರಿನ ಕಟ್ಟನ್ನು ಗೇಣುಗೇಣಾಗಿ ಅಲುಗಾಡಿಸು. ಸ್ಟೀರಿಂಗ್ ತಿರುಗುವಲ್ಲಿ, ಎಂಜಿನ್ ಎತ್ತಿ ಇಳಿಸುವಾಗ ಬಾಗುವಲ್ಲಿ ವಯರು ಒಳಗೊಳಗೇ ಮುರಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಸರಿಯಾಗಿ ಕಂಡರೂ ಬೆರಳಿಗೆ ಮೆತ್ತಗೆ, ಮೂಳೆ ಇಲ್ಲದಂತೆ ಸಿಕ್ಕರೆ ಅಲ್ಲಿ ಬ್ಲೇಡಿನಿಂದ ಸೀಳಿ ನೋಡು. ತಾಮ್ರದ ಬದಲು ಕಪ್ಪು ಹಸಿರು ಪುಡಿ ಉದುರಬಹುದು. ಉಪ್ಪು ನೀರು ಎಳೆಗಳ ಸಂದಿನಲ್ಲಿ ದೂರ ದೂರ ಏರಿಹೋಗುತ್ತದೆ, ಆದ್ದರಿಂದ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸು.

ಜೋಡಿಸುವಾಗ ಮನೆ ವಯರಿಂಗಿನ ಬುದ್ಧಿ ಬಿಟ್ಟುಬಿಡು. ತಿರುಚಿ ಟೇಪು ಸುತ್ತಿದ ಕೀಲು ಖಾಡಿಯ ಗಾಳಿಗೆ ಒಂದು ಮಳೆಗಾಲ ತಡೆಯುವುದಿಲ್ಲ. ತವರ ಲೇಪಿಸಿದ ಎಳೆಗಳ ವಯರು, ಸರಿಯಾದ ಇಕ್ಕಳದಿಂದ ಒತ್ತಿದ ಟರ್ಮಿನಲ್, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್; ಮೂರೂ ಬೇಕು. ಹಳೆಯ ವಯರಿಗಿಂತ ಸಣ್ಣದನ್ನು ಹಾಕಬೇಡ. ಕನೆಕ್ಟರಿಗೆ ಮೇಲಿನಿಂದ ನೇರ ಇಳಿಯುವ ವಯರು ನೀರನ್ನೂ ಇಳಿಸುತ್ತದೆ. ಒಂದು ಸುತ್ತು ಕೆಳಗೆ ಬಾಗಿಸಿ ಮೇಲಕ್ಕೆ ತಾ. ಉಲ್ಹಾಸನಗರದ ಬಜಾರಿನಲ್ಲಿ ಸಿಗದ ವಸ್ತುವಿಲ್ಲ ಎಂಬುದು ನಿಜ. ಆದರೆ ರಿಲೇ, ಫ್ಯೂಸ್ ಕೊಳ್ಳುವಾಗ ಬಣ್ಣ ನೋಡಿ ಕೊಳ್ಳಬೇಡ, ನಂಬರ್ ನೋಡು. ಕಾರಿನ ಸಾಮಾನು ದೋಣಿಯ ಉಪ್ಪಿಗೆ, ಪೆಟ್ರೋಲ್ ಆವಿಗೆ ಮಾಡಿದ್ದಲ್ಲ.

ನಿನ್ನಂಥ ಐಟಿಐ ಹುಡುಗರಿಗೆ ಓಮನ ನಿಯಮ ಹೊಸದಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೀರಿ. ಅದನ್ನು ದೋಣಿಯ ಬಳಿಗೆ ಒಯ್ಯುವ ಅಭ್ಯಾಸ ಇಲ್ಲ, ಅಷ್ಟೇ. ಒಂದು ಪುಸ್ತಕ ಇಡು. ಬಂದ ಪ್ರತಿ ಎಂಜಿನ್‌ಗೆ ಒಂದು ಪುಟ: ಬ್ಯಾಟರಿ ಸುಮ್ಮನಿದ್ದಾಗ ಎಷ್ಟು, ಸ್ಟಾರ್ಟರ್ ತಿರುಗುವಾಗ ಎಷ್ಟು, ಎರಡೂ ಕಡೆಯ ಡ್ರಾಪ್ ಎಷ್ಟು, ರೈಲಿನ ಒತ್ತಡ ಎಷ್ಟು. ಎಂಜಿನ್ ಚೆನ್ನಾಗಿರುವಾಗಲೇ ಬರೆದ ಅಂಕಿ ಕೆಟ್ಟ ದಿನ ಕೆಲಸಕ್ಕೆ ಬರುತ್ತದೆ. ನೆರೆ ರಕ್ಷಣೆಯ ದೋಣಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕರೆ ಮೇ ತಿಂಗಳಲ್ಲೇ ಈ ಪುಟ ತುಂಬಿಸು, ಹಳೆಯ ಎಣ್ಣೆ ಚೆಲ್ಲಿಸು. ಜುಲೈಯಲ್ಲಿ ಫೋನ್ ಬಂದ ಮೇಲೆ ಅಳೆಯಲು ಸಮಯವಿರುವುದಿಲ್ಲ. ಎಷ್ಟೇ ನಂಬಿಕೆಯ ಎಂಜಿನ್ ಇರಲಿ, ಹುಟ್ಟು ಇಲ್ಲದೆ ದೋಣಿ ಬಿಡಬೇಡ ಎಂದು ಓಡಿಸುವವನಿಗೂ ಹೇಳು.

ಕೊನೆಗೆ ದುಡ್ಡಿನ ಮಾತು. ಭಾಗ ಬದಲಿಸಿದರೆ ಗಿರಾಕಿ ಕೇಳದೆ ಕೊಡುತ್ತಾನೆ. ಒಂದು ಬೋಲ್ಟಿನ ಅಡಿ ಕೆರೆದು ಸರಿಮಾಡಿದರೆ ‘ಇಷ್ಟಕ್ಕೆ ಇಷ್ಟೇಕೆ’ ಎನ್ನುತ್ತಾನೆ. ಆ ಮಾತಿಗೆ ಹೆದರಿ ಬೇಡದ ಪಂಪು ಹಾಕುವ ಚಾಳಿ ಬೆಳೆಸಿಕೊಳ್ಳಬೇಡ. ಮೀಟರಿನಲ್ಲಿ 1.8 ಇದ್ದಾಗ ಅವನನ್ನು ಕರೆದು ತೋರಿಸು, 0.1 ಆದಾಗ ಮತ್ತೆ ಕರೆದು ತೋರಿಸು, ಅವನ ಎದುರಿಗೇ ಹೊರೆ ಹಾಕಿ ಅರ್ಧ ಗಂಟೆ ಓಡಿಸು. ಆಮೇಲೆ ನಿನ್ನ ಕೂಲಿಯನ್ನು ತಲೆ ತಗ್ಗಿಸದೆ ಕೇಳು.